ಶನಿವಾರದ ಮಾಫಿ

ಅಪ್ಪ ಕರ್ತನ ಭೋಜನಕ್ಕೆ ಏಳದೆ ಬೆಂಚಿನಲ್ಲೇ ಕುಳಿತುಬಿಟ್ಟ ಮೊದಲ ರವಿವಾರ ಯಾವುದು ಎಂದು ನನಗೆ ಖಚಿತವಿಲ್ಲ. ಹೊರಗೆ ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಬಾಗಲಕೋಟೆಯಲ್ಲಿ ಆ ವರ್ಷ ಎಷ್ಟು ಮಳೆಯಾಗಿತ್ತೆಂದು ಯೋಚಿಸಿದರೆ, ಆ ಮಳೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ನಿಜಕ್ಕೂ ನೆನಪಿರುವುದು ಇಷ್ಟೇ: ನಮ್ಮ ಸಾಲಿನವರು ಎದ್ದು ಮುಂದೆ ಹೋಗತೊಡಗಿದರು, ನಾನೂ ಎದ್ದೆ, ಅಪ್ಪನ ಭುಜ ಮುಟ್ಟಿದೆ. ಅಪ್ಪ ತಲೆ ಅಲ್ಲಾಡಿಸಿದ.

"ನೀ ಹೋಗು. ನನ್ನದೊಂದ್ ಜಗಳ ಬಾಕಿ ಐತಿ."

"ಯಾರ ಕೂಡ?"

"ಅದ ಗೊತ್ತಾಗವಲ್ದು."

ನವನಗರದ ನಮ್ಮ ಸಭೆ ಚಿಕ್ಕದು. ತಿಂಗಳ ಮೊದಲ ರವಿವಾರ ರೊಟ್ಟಿ, ದ್ರಾಕ್ಷಾರಸ ಹಂಚುತ್ತಾರೆ. ಯಾರೊಂದಿಗಾದರೂ ಮನಸ್ತಾಪ ಇಟ್ಟುಕೊಂಡು ಆ ಮೇಜಿನ ಬಳಿ ಹೋಗಬಾರದು, ಮೊದಲು ಸಮಾಧಾನ ಮಾಡಿಕೊಂಡು ಬರಬೇಕು ಎಂದು ಪ್ರತಿ ಸಲವೂ ಸಭಾಪಾಲಕರು ಹೇಳುತ್ತಾರೆ. ನಮ್ಮಲ್ಲಿ ಬಹಳ ಮಂದಿ ಅದನ್ನು ಕೇಳಿ ತಲೆ ಬಾಗಿಸಿ, ಮನಸ್ಸಿನಲ್ಲೇ ಏನೋ ಅಂದುಕೊಂಡು ಎದ್ದು ಹೋಗುತ್ತೇವೆ. ಅಪ್ಪ ಹಾಗಲ್ಲ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದಷ್ಟು ಕಾಲವೂ ಅವನು ಭೋಜನದ ಹಿಂದಿನ ಶನಿವಾರ ಡಿಪೋಕ್ಕೆ ಹೋಗಿ, ಆ ತಿಂಗಳಲ್ಲಿ ಯಾರ ಮೇಲೆ ದನಿ ಎತ್ತಿದ್ದನೋ ಅವರೆದುರು ನಿಂತು, "ನನ್ನ ಕಡಿಂದ ತಪ್ಪಾಗೈತಿ, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ" ಎನ್ನುತ್ತಿದ್ದ. ಅಲ್ಲಿ ಅವನೊಬ್ಬನೇ ಕ್ರೈಸ್ತ. ಎಲ್ಲರೂ ಅವನಿಗೆ ಪಾದ್ರಿ ಎಂದೇ ಹೆಸರಿಟ್ಟಿದ್ದರು. ಶನಿವಾರ ಮಾಫಿ ಕೇಳಿಸಿಕೊಳ್ಳುವ ಮಜಾಕ್ಕಾಗಿಯೇ ಶುಕ್ರವಾರ ಕಾಲು ಕೆರೆದು ಜಗಳ ತೆಗೆಯುವ ಮೆಕ್ಯಾನಿಕ್ಕುಗಳೂ ಇದ್ದರಂತೆ. ಅವ್ವ ಇದನ್ನು ಹೇಳಿ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

"ಕೆಟ್ಟ ರಸ್ತಾದಾಗ ಯಾವ ಡ್ರೈವರಗೂ ನಿದ್ದಿ ಬರೂದಿಲ್ಲ" ಎನ್ನುತ್ತಿದ್ದ. "ತೆಗ್ಗು ದಿನ್ನಿ ಎಲ್ಲಾ ಮುಗದು ಚಲೋ ಡಾಂಬರು ಸಿಕ್ಕಿತು ನೋಡು, ಅಲ್ಲಿ ಕಣ್ಣು ಎಳೀತಾವು. ದೇವರ ದಾರ್ಯಾಗೂ ಹಂಗ."

ಈ ಮಾತನ್ನು ಅವನು ನನಗೇ ಹೇಳುತ್ತಿದ್ದನೋ, ಎಲ್ಲರಿಗೂ ಹೇಳುತ್ತಿದ್ದನೋ. ಈಗ ಯೋಚಿಸಿದರೆ ನನಗೇ ಹೇಳಿದಂತೆ ಕೇಳುತ್ತದೆ. ನನ್ನದು ಒಳ್ಳೆಯ ಡಾಂಬರು ರಸ್ತೆಯ ಬದುಕು. ಧಾರವಾಡದಲ್ಲಿ ಓದಿದೆ, ಇಲ್ಲೇ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಮದುವೆ ಬೇಡವೆನಿಸಿತು, ಆಗಲಿಲ್ಲ, ಅದಕ್ಕೂ ಯಾರೂ ಹೆಚ್ಚು ಕಾಡಲಿಲ್ಲ. ಅವ್ವ ತೀರಿಕೊಂಡ ಮೇಲೆ ನಾನು, ಅಪ್ಪ ಇಬ್ಬರೇ. ನಂಬಿಕೆ ಬಿಟ್ಟವಳಲ್ಲ ನಾನು. ಆದರೆ ಪ್ರಾರ್ಥನೆಯ ನಡುವೆ ಮರುದಿನದ ಪಾಠ ಯೋಚಿಸುತ್ತಿರುತ್ತೇನೆ, ಆಮೆನ್ ಅಂದಾಗ ಎಚ್ಚರಾಗುತ್ತದೆ.

ಮರೆವು ಅಪ್ಪನಿಗೆ ಪ್ರಾರ್ಥನೆಯಲ್ಲೇ ಮೊದಲು ಕಾಣಿಸಿಕೊಂಡಿತು. ದಿನಾ ಮುಂಜಾನೆ ಚಹಾಕ್ಕೆ ಮೊದಲು ಅವನು ಕಣ್ಣು ಮುಚ್ಚಿ, ಡಿಪೋದ ಹಳೆಯ ಜೊತೆಗಾರರು, ಹಳೇ ಊರಿನ ಓಣಿಯವರು, ಸಭೆಯವರು ಎಂದು ಒಬ್ಬೊಬ್ಬರ ಹೆಸರು ಹಿಡಿದು ದೇವರ ಮುಂದೆ ಇಡುತ್ತಿದ್ದ. ಒಂದು ದಿನ ನಡುವೆ ನಿಂತ. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ. ನಾನು ಮೆಲ್ಲಗೆ ಹೇಳಿದೆ. ಅವನು ಅದನ್ನು ಹಿಡಿದುಕೊಂಡು ಮುಂದೆ ಹೋದ. ಆಮೇಲೆ ಇದು ರೂಢಿಯಾಯಿತು. ಅಪ್ಪ ನಿಂತಲ್ಲೆಲ್ಲ ನಾನು ಒಂದು ಹೆಸರು ಕೊಡುವುದು, ಅವನು ಅದನ್ನು ದೇವರಿಗೆ ಕೊಡುವುದು. ಕೆಲವು ಸಲ ಯಾರ ಹೆಸರು ಬೇಕಿತ್ತೆಂದು ನನಗೇ ತಿಳಿಯುತ್ತಿರಲಿಲ್ಲ. ತೋಚಿದ್ದನ್ನು ಹೇಳಿಬಿಡುತ್ತಿದ್ದೆ. ಅವನು ಅನುಮಾನಿಸುತ್ತಿರಲಿಲ್ಲ. ಮುಂದೆ ನಾನು ಮಾಡಿದ್ದಕ್ಕೆ ಇಲ್ಲಿಯೇ ಮೊದಲ ಹೆಜ್ಜೆ ಇಟ್ಟೆ ಎಂದು ಈಗ ಅನ್ನಿಸುತ್ತದೆ. ಆಗ ಅದನ್ನು ಸೇವೆ ಅಂದುಕೊಂಡಿದ್ದೆ.

ದವಾಖಾನೆಯಲ್ಲಿ ಡಾಕ್ಟರರು ಹೇಳಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ: ನಡೆದದ್ದು ಅಳಿಸಿಹೋದರೂ ಅದು ಎಬ್ಬಿಸಿದ ದುಗುಡ ಉಳಿಯುತ್ತದೆ. ಅಪ್ಪನಿಗೆ ಉಳಿದದ್ದು ಒಂದು ಜಗಳದ ದುಗುಡ. ಯಾರೋ ಒಬ್ಬರನ್ನು ನೋಯಿಸಿದ್ದೇನೆ, ಸಮಾಧಾನ ಮಾಡಿಕೊಂಡಿಲ್ಲ, ಅದಿರುವತನಕ ರೊಟ್ಟಿಗೆ ಕೈ ಚಾಚುವ ಹಾಗಿಲ್ಲ. ಜಗಳ ಯಾವುದು, ಯಾರೊಂದಿಗೆ, ಯಾವಾಗ ಎಂಬುದು ಮಾತ್ರ ನೆನಪಿಲ್ಲ.

ಒಂದು ಸಂಜೆ ಹಳೇ ಊರಿಗೆ ಹೋಗೋಣ ಎಂದು ಹಟ ಹಿಡಿದ. ಆಟೋದಲ್ಲಿ ಹೋದೆವು. ನಾವು ಬಾಡಿಗೆಗಿದ್ದ ಓಣಿ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿದೆ, ಅದರ ಕಡೆಯ ರಸ್ತೆ ಇಳಿದು ಇಳಿದು ಹಿನ್ನೀರಿನಲ್ಲಿ ಮುಗಿಯುತ್ತದೆ. ಅಪ್ಪ ಅಲ್ಲಿ ಇಳಿದು ನೀರನ್ನು ನೋಡುತ್ತ ನಿಂತ. ಎಮ್ಮೆಗಳು ಮೈ ಮುಳುಗಿಸಿಕೊಂಡು ಬಿದ್ದಿದ್ದವು.

"ಅಂವ ಇಲ್ಲೇ ಇದ್ದಿರಬೇಕು" ಎಂದ.

ಆಟೋದವನು ಬೀಡಿ ಹಚ್ಚುತ್ತ, "ಯಾರನ್ನ ಹುಡುಕಾಕತ್ತೀರಿ ಯಜಮಾನ್ರ? ಇಲ್ಲಿ ಈಗ ಮೀನಾ ಅಷ್ಟ ಅದಾವು" ಎಂದ. ಅಪ್ಪ ತಿರುಗಿ ಬಂದು ಆಟೋ ಹತ್ತಿದ. ಮನೆಗೆ ಬಂದವನು ಊಟ ಮಾಡಲಿಲ್ಲ.

ಸಭಾಪಾಲಕರು ಮನೆಗೆ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯವರು. ಅಪ್ಪನ ಕೈ ಹಿಡಿದುಕೊಂಡು, ನೀವು ಮರೆತದ್ದು ದೇವರಿಗೆ ಗೊತ್ತು, ಮರೆತದ್ದನ್ನೂ ಅವನು ಕ್ಷಮಿಸುತ್ತಾನೆ, ಧೈರ್ಯವಾಗಿ ಬನ್ನಿ ಎಂದರು.

ಅಪ್ಪ ಗಮನವಿಟ್ಟು ಕೇಳಿದ. "ನೀವು ಹೇಳೂದು ಖರೆ ಐತ್ರಿ ಅಯ್ನೋರ. ದೇವರು ಮಾಫ್ ಮಾಡ್ತಾನ. ಆದ್ರ ಆ ಮನಷ್ಯಾಗ ಏನ್ ಹೇಳೂದ್ರಿ? ಅಂವ ಎಲ್ಲೋ ನೊಂದು ಕುಂತಿರ್ತಾನ. ಅವಗ ಗೊತ್ತಾಗಬೇಕಲ್ರಿ ನಾ ತಪ್ಪು ಅಂದದ್ದು."

ಅಯ್ಯನವರು ಚಹಾ ಕುಡಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನನಗೆ, "ಅವರು ಹೇಳೂದೂ ಖರೆನ ಐತ್ರಿ ಮೇಡಂ" ಎಂದರು.

ಅಪ್ಪ ದಿನದಿಂದ ದಿನಕ್ಕೆ ಬಾಡಿದ. ಊಟದ ತಾಟಿನ ಮುಂದೆ, ಸ್ನಾನಕ್ಕೆ ಹೋಗುವಾಗ, ಕಾಲೇಜಿನಿಂದ ನಾನು ಬಂದು ಚೀಲ ಇಡುವುದರೊಳಗೆ, ಅದೇ ಪ್ರಶ್ನೆ. ಯಾರಿರಬಹುದು? ನಿನಗ ಏನಾರ ಹೊಳೀತೇನು? ಅವನು ಎಚ್ಚರವಾಗಿದ್ದ, ನನ್ನಂಥವಳು ನಾಚುವಷ್ಟು ಎಚ್ಚರವಾಗಿದ್ದ. ಆದರೆ ಆ ಎಚ್ಚರ ಅವನನ್ನು ತಿನ್ನುತ್ತಿತ್ತು. ಮತ್ತು, ಇದನ್ನೂ ಬರೆಯಬೇಕು, ಆ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿತ್ತು.

ನನ್ನ ಬಳಿ ಒಂದು ನೆನಪಿತ್ತು. ನಾನು ಚಿಕ್ಕವಳು, ಅಪ್ಪ ಓಡಿಸುವ ಬಸ್ಸಿನಲ್ಲಿ ಕುಳಿತಿದ್ದೇನೆ. ಹುನಗುಂದದ ಬಸ್ ಸ್ಟ್ಯಾಂಡು. ಒಬ್ಬ ಮುದುಕಿ ನೀರು ಕುಡಿಯಲು ಇಳಿದಿದ್ದಾಳೆ. ಕಂಡಕ್ಟರ್ ಸೀಟಿ ಊದುತ್ತಾನೆ, ಅಪ್ಪ ಬಸ್ಸು ಬಿಡುವುದಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಅಪ್ಪ ಎಲ್ಲರೆದುರು ಕಂಡಕ್ಟರನಿಗೆ, "ನೀ ಮನಷ್ಯಾನ ಅಲ್ಲ" ಎನ್ನುತ್ತಾನೆ. ನೆನಪಿನಲ್ಲಿ ಆ ಕಂಡಕ್ಟರನ ಮುಖ ಇಳಕಲ್ಲಿನ ಚಾಚಾನದು. ಚಾಚಾ ಅಪ್ಪನ ಜೊತೆ ಬಹಳ ಕಾಲ ಆ ಮಾರ್ಗದಲ್ಲಿದ್ದವರು, ಹಬ್ಬಕ್ಕೆ ನಮ್ಮ ಮನೆಗೆ ಸುರಕುಂಬಾ ಪಾಯಸ ತರುತ್ತಿದ್ದವರು. ನಾನು ಅಂದು ಬಸ್ಸಿನಲ್ಲಿ ನಿಜವಾಗಿ ಇದ್ದೆನೋ, ಅವ್ವ ಹೇಳಿದ ಕಥೆಯೊಳಗೆ ನನ್ನನ್ನು ಕೂರಿಸಿಕೊಂಡೆನೋ, ಹೇಳಲಾರೆ. ದಿನಚರಿ ಬರೆಯಲು ಶುರು ಮಾಡಿದ್ದು ಎಷ್ಟೋ ವರ್ಷಗಳ ನಂತರ. ನನಗೆ ಮುಖದ ಪರಿಚಯವಿದ್ದ ಕಂಡಕ್ಟರ್ ಚಾಚಾ ಒಬ್ಬರೇ. ಹೀಗಾಗಿ ಆ ಮುಖವನ್ನು ಅಲ್ಲಿ ಅಂಟಿಸಿಕೊಂಡಿರಲೂಬಹುದು. ಇಷ್ಟೆಲ್ಲ ನನಗೆ ಆಗಲೇ ಗೊತ್ತಿತ್ತು.

ಆದರೂ ಹೇಳಿದೆ. "ಅಪ್ಪಾ, ಅದು ಇಳಕಲ್ಲ ಚಾಚಾನ ಕೂಡ. ಹುನಗುಂದದಾಗ, ನೀರ ಕುಡ್ಯಾಕ ಇಳಿದ ಮುದುಕಿ ಸಲುವಾಗಿ. ನಾ ಅಲ್ಲೇ ಇದ್ದೆ."

ಅಪ್ಪ ನನ್ನನ್ನೇ ನೋಡಿದ. ಮುಖದಲ್ಲಿ ಮೆಲ್ಲಗೆ ಏನೋ ಮೇಲೆ ಬಂತು. "ಹೌದಲ್ಲ! ಮುದುಕಿ ನೀರ ಕುಡ್ಯಾಕ ಹೋಗಿದ್ಲು... ಅಂವ ಟಿಕೆಟ್ ಚೀಲಾ ತಗದ ನೆಲಕ್ಕ ಒಗದಾ!"

ಟಿಕೆಟ್ ಚೀಲದ ಮಾತು ನಾನು ಹೇಳಿರಲಿಲ್ಲ. ನನ್ನ ನೆನಪಿನಲ್ಲಿ ಅದು ಇರಲೇ ಇಲ್ಲ. ನನಗೆ ಒಂದು ಕ್ಷಣ ಹೆದರಿಕೆಯಾಯಿತು, ಆಮೇಲೆ ಅದೇ ಧೈರ್ಯ ಕೊಟ್ಟಿತು. ಅಂದರೆ ನಿಜವೇ ಇರಬೇಕು ಅಂದುಕೊಂಡೆ.

ಚಾಚಾಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ನನಗ ಅಂಥಾದ್ದೊಂದ ನೆನಪಿಲ್ಲವ್ವಾ. ನಮ್ಮಿಬ್ಬರದು ದಿನಾ ಜಗಳಾನ" ಎಂದರು.

"ಇತ್ತು ಅನ್ರಿ ಚಾಚಾ. ಮಾಫ್ ಮಾಡೇನಿ ಅನ್ರಿ. ಅಷ್ಟಾದ್ರ ಸಾಕು ಅವಗ."

"ಈಗ ನಮಾಜ್ ಮುಗಿಸಿ ಬಂದು ಕುಂತೇನಿ. ಬಂದ ಕೂಡ್ಲೆ ಸುಳ್ಳ ಹೇಳ್ಸಾಕ ಫೋನ್ ಹಚ್ಚೀದಿ ನೋಡು. ಆತು, ಕರಕೊಂಡ ಬಾ."

ಶನಿವಾರ ಹೊರಟೆವು. ಮರುದಿನ ಭೋಜನದ ರವಿವಾರ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಡ್ರೈವರನ ಹಿಂದಿನ ಸೀಟೇ ಬೇಕೆಂದು ಕುಳಿತ. ತಿರುವು ಬಂದಾಗಲೆಲ್ಲ ಅವನ ಬಲಗಾಲು ನೆಲ ಒತ್ತುತ್ತಿತ್ತು. ಅಮೀನಗಡ ದಾಟುವಾಗ ಹುಡುಗ ವಯಸ್ಸಿನ ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನ್ ಅಜ್ಜಾ, ಬ್ರೇಕ್ ನೀವ ಹಾಕಾಕತ್ತೀರಲ್ಲ" ಎಂದ.

"ನೀ ಹಾಕಿದ್ದರ ನಾ ಯಾಕ ಹಾಕ್ತಿದ್ದೆ?"

ಸುತ್ತಲಿನವರು ನಕ್ಕರು. ಹುನಗುಂದ ಬಂದಾಗ ಅಪ್ಪ ಕಿಟಕಿಯಾಚೆ ಬಸ್ ಸ್ಟ್ಯಾಂಡನ್ನು ಬಗ್ಗಿ ನೋಡಿದ.

ಇಳಕಲ್ಲಿನಲ್ಲಿ ಚಾಚಾನ ಮನೆ ನೇಕಾರರ ಓಣಿಯಲ್ಲಿದೆ. ಪಕ್ಕದ ಮನೆಯ ಮಗ್ಗದ ಸದ್ದು ಒಳಗೆಲ್ಲ ಕೇಳುತ್ತದೆ. ಚಾಚಾ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು.

"ಬಾರಲೇ ಪಾದ್ರಿ! ಇನ್ನೂ ಅದಿಯಾ? ನಿನ್ನ ಮಣ್ಣಿಗೆ ಬರಾಕಂತ ಅಂಗಿ ಇಸ್ತ್ರಿ ಮಾಡಿಸಿ ಇಟ್ಟೇನಿ ನಾ."

"ಆ ಅಂಗಿ ಹರೀಲಿ, ಆಮ್ಯಾಲ ನೋಡೂಣು" ಎಂದ ಅಪ್ಪ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಅಂಥ ಮಾತು ಕೇಳಿದೆ. ಆದರೆ ಕೂಡಲಿಲ್ಲ. ಚಾಚಾನ ಸೊಸೆ ಚಹಾ ತಂದಳು, ಅದನ್ನೂ ಮುಟ್ಟಲಿಲ್ಲ. ನಿಂತಲ್ಲೇ ಎರಡೂ ಕೈ ಜೋಡಿಸಿದ.

"ಹುನಗುಂದದಾಗ ಮಂದಿ ಮುಂದ ನಿನಗ ಮನಷ್ಯಾನ ಅಲ್ಲ ಅಂದೆ. ನೀ ಟಿಕೆಟ್ ಚೀಲಾ ಒಗದು ಕಣ್ಣೀರ ತಗದಿ. ನನ್ನ ಕಡಿಂದ ತಪ್ಪಾಗೈತಿ. ಮನಸ್ಸಿನ್ಯಾಗ ಇಟ್ಕೋಬ್ಯಾಡ."

ಚಾಚಾ ಅಪ್ಪನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಆ ನೋಟ ಏನೆಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ಅಪ್ಪನನ್ನು ಎದೆಗೆ ಒತ್ತಿಕೊಂಡು, "ಮಾಫ್ ಮಾಡೇನಿ ಬಿಡಲೇ. ಎಂದೋ ಮಾಡೇನಿ" ಎಂದರು. ಅಪ್ಪ ಕುಳಿತ. ತಣ್ಣಗಾದ ಚಹಾ ಕುಡಿದ. ಇನ್ನೊಂದು ಕಪ್ ಕೇಳಿದ.

ಹೊರಡುವಾಗ ಅಪ್ಪ ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಚಾಚಾ ನನ್ನನ್ನು ಬಾಗಿಲ ಒಳಗೆ ಕರೆದರು.

"ಆ ಜಗಳ ಖರೆನ ಆಗಿತ್ತವ್ವಾ. ನೀ ಫೋನಿನ್ಯಾಗ ಹೇಳಿದಾಗ ಹೊಳೀಲಿಲ್ಲ. ಟಿಕೆಟ್ ಚೀಲಾ ಅಂದ ನೋಡು, ಆಗ ಹೊಳೀತು. ಡಿಪೋದಾಗೆಲ್ಲಾ ಅದ ಸುದ್ದಿ ಆಗಿತ್ತು. ಆದ್ರ ನಾ ಇರಲಿಲ್ಲ ಆ ಗಾಡ್ಯಾಗ. ಬಾದಾಮಿ ಕಡಿಯಾಂವ ಒಬ್ಬ ಎತ್ತರದ ಕಂಡಕ್ಟರ್ ಇದ್ದ, ಅವನ ಕೂಡ ಆಗಿದ್ದು."

"ಅಪ್ಪ ಅವರಿಗೆ ಮಾಫಿ ಕೇಳಿರಬೇಕಲ್ರಿ? ಶನಿವಾರ?"

"ಅಂವ ಆ ವಾರನ ಬಾದಾಮಿಗೆ ವರ್ಗಾ ಮಾಡಿಸ್ಕೊಂಡ ಹ್ವಾದ. ನಿಮ್ಮಪ್ಪ ಅಲ್ಲಿಮಟ ಹೋಗಿದ್ದ, ಆ ಕಂಡಕ್ಟರ್ ಮಾರಿ ತೋರಿಸಲಿಲ್ಲ ಅಂತಿದ್ರು. ಖರೆ ಸುಳ್ಳ ನನಗ ಗೊತ್ತಿಲ್ಲ."

"ಈಗ ಎಲ್ಲದಾರ ಅವರು?"

"ಹ್ವಾದ ವರ್ಷ ತೀರಿಕೊಂಡ. ಮಕ್ಕಳು ಅಲ್ಲೇ ಅದಾರ." ಚಾಚಾ ದನಿ ತಗ್ಗಿಸಿದರು. "ನಾ ಅವನ ಹೆಸರಿನ ಮಾಫಿ ಕೊಟ್ಟೆ. ಕೊಡೂ ಅಧಿಕಾರ ನನಗ ಇತ್ತೇನು? ನಿನ್ನ ಮಾರಿ ನೋಡಿ ಅಂದುಬಿಟ್ಟೆ. ಇನ್ನ ನೀನ ನೋಡ್ಕೋ."

ಬರುವಾಗ ಬಸ್ಸಿನಲ್ಲಿ ಅಪ್ಪ ಮಲಗಿದ. ಚಲಿಸುವ ಬಸ್ಸಿನಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಅದಕ್ಕೆ ಮೊದಲು ನೋಡಿದ ನೆನಪಿಲ್ಲ. ತಲೆ ನನ್ನ ಭುಜಕ್ಕೆ ಒರಗಿತ್ತು, ಕಾಲು ಸಡಿಲವಾಗಿತ್ತು. ನಾನು ಎಚ್ಚರವಾಗಿ ಕುಳಿತಿದ್ದೆ.

ಬಾದಾಮಿ ದೂರವೇನಲ್ಲ. ಆ ಮನೆ ಹುಡುಕಬಹುದಿತ್ತು. ಮಕ್ಕಳ ಮುಂದೆ ಅಪ್ಪ ಕೈ ಜೋಡಿಸಬಹುದಿತ್ತು, ಅವರು ಏನಾದರೂ ಅನ್ನುತ್ತಿದ್ದರು. ಅದಕ್ಕೆ ಮೊದಲು ನಾನು ಅಪ್ಪನನ್ನು ಎಬ್ಬಿಸಿ, ಇವತ್ತು ನಿನಗೆ ಸಿಕ್ಕ ಮಾಫಿ ನಾನು ಕಟ್ಟಿದ್ದು, ನಿನ್ನ ಜಗಳ ಬೇರೆಯವರ ಕೂಡ, ಅವರು ಸತ್ತಿದ್ದಾರೆ ಎನ್ನಬೇಕಿತ್ತು. ಅವನು ಅದನ್ನು ಸಂಜೆಯೊಳಗೆ ಮರೆಯುತ್ತಾನೆ, ದುಗುಡ ಮಾತ್ರ ಉಳಿಯುತ್ತದೆ, ಈಗಿರುವುದಕ್ಕಿಂತ ಭಾರವಾಗಿ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಇದು ಕರುಣೆಯೇ? ಅಥವಾ ಅವನ ಪ್ರಶ್ನೆ ಮತ್ತೆ ಶುರುವಾಗದಿರಲಿ ಎಂಬ ನನ್ನ ದಣಿವೇ? ಆ ದಿನ ದಿನಚರಿಯಲ್ಲಿ ಕರುಣೆ ಎಂದು ಬರೆದು ಹೊಡೆದುಹಾಕಿದ್ದೇನೆ. ಅದರ ಬದಲು ಬೇರೆ ಪದ ಬರೆದಿಲ್ಲ.

ಅಪ್ಪ ಜೀವನದಲ್ಲಿ ಒಂದನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದ. ಮನುಷ್ಯನೊಂದಿಗೆ ಸುಳ್ಳು ಸಮಾಧಾನ ಇಟ್ಟುಕೊಂಡು ದೇವರ ಮುಂದೆ ನಿಲ್ಲುವುದಿಲ್ಲ ಎಂಬುದು ಅದು. ನೆನಪು ಹೋದ ಮೇಲೂ ಬಿಡಲಿಲ್ಲ. ಅದನ್ನು ಅವನ ಕೈಯಿಂದ ಬಿಡಿಸಿದವಳು ನಾನು, ಅದೂ ಅವನಿಗೆ ಗೊತ್ತಾಗದ ಹಾಗೆ.

ರವಿವಾರ ಅಪ್ಪ ನನಗಿಂತ ಮೊದಲು ತಯಾರಾಗಿದ್ದ. ಇಳಕಲ್ಲಿಗೆ ಹೋದದ್ದು ಅವನಿಗೆ ಪೂರ್ತಿ ನೆನಪಿರಲಿಲ್ಲ. "ಯಾರೋ ಚಲೋ ಚಹಾ ಕುಡಿಸಿದ್ರು" ಎಂದ. ಆದರೆ ಮುಖ ಹಗುರವಾಗಿತ್ತು. ನಮ್ಮ ಸಾಲಿನ ಸರದಿ ಬಂದಾಗ, ಯಾರೂ ಹೇಳದೆ ತಾನೇ ಎದ್ದ. ಮುಂದಿನ ಬೆಂಚು ಹಿಡಿದು, ಆಮೇಲೆ ಅದರ ಮುಂದಿನದು ಹಿಡಿದು, ಮೇಜಿನ ಕಡೆ ನಡೆದ. ಮೊಣಕಾಲೂರಿ ಎರಡೂ ಅಂಗೈ ಚಾಚಿದ. ಅಯ್ಯನವರ ಕೈ ಅವನ ಮುಂದೆ ಒಂದು ಗಳಿಗೆ ಹೆಚ್ಚು ನಿಂತಿತು. ಸಭೆಯ ಹೆಂಗಸರು ಕೆಲವರು ಕಣ್ಣೊರೆಸಿಕೊಂಡರು.

ನಾನು ಏಳಲಿಲ್ಲ. ಹಿಂದಿನ ರಾತ್ರಿ ಹಾಗೇನೂ ನಿರ್ಧರಿಸಿರಲಿಲ್ಲ. ಸಾಲು ಎದ್ದಾಗ ನಾನೂ ಏಳುತ್ತೇನೆ ಅಂದುಕೊಂಡಿದ್ದೆ, ಇಷ್ಟು ವರ್ಷ ಎದ್ದ ಹಾಗೆ.

ಅಪ್ಪ ತಿರುಗಿ ಬಂದ. ಕುಳಿತು ಉಸಿರು ಬಿಟ್ಟು, ನನ್ನನ್ನು ನೋಡಿದ.

"ನೀ ಹೋಗಿ ಬಂದಿ?"

"ಇಲ್ಲಪ್ಪಾ."

"ಯಾಕ? ಯಾರ ಕೂಡರ ಜಗಳ ಐತೇನು?"

ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ. ಆ ಪ್ರಶ್ನೆಯ ಕಷ್ಟ ಬಲ್ಲವನ ದನಿಯಲ್ಲಿ, ಮೆಲ್ಲಗೆ, "ಯಾರು ಅಂತ ನೆನಪೈತಿಲ್ಲೋ?" ಎಂದು ಕೇಳಿದ.

"ನೆನಪೈತಿ."

"ನೆನಪಿದ್ದರ ಅದು ದೇವರ ದಯಾ, ಯವ್ವಾ. ಹೋಗು, ಕೇಳ್ಕೊಂಡ ಬಾ. ನಾ ಇಲ್ಲೇ ಕುಂತಿರ್ತೇನಿ."

ಮುಂದೆ ಕೊನೆಯ ಸಾಲಿನವರು ಮೊಣಕಾಲೂರಿದ್ದರು. ನಾನು ಬೆಂಚು ದಾಟಿ ಹೊರಗೆ ಹೋಗಲೆಂದು ಅಪ್ಪ ಎರಡೂ ಕಾಲು ಒಂದು ಬದಿಗೆ ಸರಿಸಿ ದಾರಿ ಮಾಡಿಕೊಟ್ಟು, ಕಾಯುತ್ತ ಕುಳಿತ.